ಚಿಟಿಕೆ ಧೂಪದಿಂದ ಚಿನ್ನದ ಕುರ್ಚಿಯವರೆಗೆ: ಟರ್ಕಿಯಲ್ಲೊಂದು ಸುತ್ತು

ಮಂಗಳವಾರ, ಇಜ್ಮಿರ್

ಇಜ್ಮಿರ್ ನಗರದ ನೆತ್ತಿಯಲ್ಲಿ ಕಡಿಫೆಕಾಲೆ ಅನ್ನೋ ಕೋಟೆಗುಡ್ಡ ಇದೆ. ಹಿಂದಿನ ಕಾಲದವರಿಗೆ ಇದು ಪಾಗೊಸ್ ಬೆಟ್ಟ. ಮೇಲೆ ನಿಂತರೆ ಇಡೀ ಕೊಲ್ಲಿ ಕಾಣುತ್ತದೆ. ಇಳಿಜಾರಿನ ತುಂಬಾ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಆ ಮನೆಗಳ ಅಡಿಯಲ್ಲೇ ಹಳೆಯ ಸ್ಮುರ್ನ ಪಟ್ಟಣದ ಕ್ರೀಡಾಂಗಣ ಹೂತುಹೋಗಿದೆ. ಕ್ರಿ.ಶ. 155ರ ಸುಮಾರಿಗೆ ಅಲ್ಲಿ ಪಾಲಿಕಾರ್ಪ್ ಎಂಬ ವಯಸ್ಸಾದ ಬಿಷಪ್ಪರನ್ನು ಕಟ್ಟಿ ಬೆಂಕಿ ಹಚ್ಚಿದರು.

ಪ್ರವಾಸ ಇಲ್ಲಿಂದಲೇ ಶುರುವಾಗಬೇಕು ಅಂತ ನಾನು ಹಟ ಹಿಡಿದಿದ್ದೆ. ಟರ್ಕಿಗೆ ಹೋಗುವವರು ಸಾಮಾನ್ಯವಾಗಿ ಮೊದಲು ಇಸ್ತಾಂಬುಲ್ ನೋಡುತ್ತಾರೆ. ಚಿನ್ನದ ಗಾಜಿನ ಚಿತ್ರಗಳು, ದೊಡ್ಡ ಗುಮ್ಮಟ, ಕಿರೀಟ ಹೊತ್ತ ರಾಜರ ಪಕ್ಕದಲ್ಲಿ ಕ್ರಿಸ್ತ. ಅದನ್ನೇ ಮೊದಲು ನೋಡಿಬಿಟ್ಟರೆ ಕ್ರೈಸ್ತ ನಂಬಿಕೆ ಹುಟ್ಟಿನಿಂದಲೇ ಅರಮನೆಯದು ಅನ್ನಿಸಿಬಿಡುತ್ತದೆ. ನಿಜ ಹಾಗಿಲ್ಲ. ರೋಮಿನ ಒಬ್ಬ ಗವರ್ನರ್ ಮರಣದಂಡನೆ ಕೊಟ್ಟ ಮನುಷ್ಯನ ಹೆಸರಿನಲ್ಲಿ ಹುಟ್ಟಿದ ನಂಬಿಕೆ ಇದು. ಇವತ್ತಿಗೂ ಮೈಸೂರಿನ ನಮ್ಮ ಚರ್ಚಿನಲ್ಲಿ ವಿಶ್ವಾಸ ಪ್ರಮಾಣ ಹೇಳುವಾಗ ಆ ಗವರ್ನರ್ ‘ಪೊಂತ್ಯ ಪಿಲಾತನ’ ಹೆಸರು ಬರುತ್ತದೆ. ಒಬ್ಬ ಸರ್ಕಾರಿ ಅಧಿಕಾರಿಯ ಹೆಸರು ಸುಮಾರು ಎರಡು ಸಾವಿರ ವರ್ಷದಿಂದ ಪ್ರಾರ್ಥನೆಯೊಳಗೆ ಕೂತಿದೆ. ಅದು ಸುಮ್ನೆ ಕೂತಿಲ್ಲ ಅನ್ನುವುದು ನನ್ನ ನಂಬಿಕೆ.

ಪಾಲಿಕಾರ್ಪರ ಸಾವಿನ ಬಗ್ಗೆ ಸ್ಮುರ್ನದ ಕ್ರೈಸ್ತ ಸಭೆಯವರು ಬೇರೆ ಊರಿನವರಿಗೆ ಬರೆದ ಪತ್ರ ಉಳಿದುಕೊಂಡಿದೆ. ಅದರಲ್ಲಿ ಒಂದು ಗಾಡಿಯ ಪ್ರಸಂಗ ಬರುತ್ತದೆ. ಮುದುಕರನ್ನು ಹಿಡಿದು ತರುವಾಗ ಊರಿನ ಪೊಲೀಸ್ ಮುಖ್ಯಸ್ಥ ಹೆರೋದ, ಅವನ ಅಪ್ಪ ನಿಕೇತಸ್ ಇಬ್ಬರೂ ಎದುರಾಗುತ್ತಾರೆ. ತಮ್ಮ ಗಾಡಿಗೆ ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ‘ಕೈಸರನೇ (ಅಂದರೆ ರೋಮಿನ ಚಕ್ರವರ್ತಿಯೇ) ಒಡೆಯ ಅಂತ ಹೇಳಿ, ಒಂದಿಷ್ಟು ಧೂಪ ಹಾಕಿ ಜೀವ ಉಳಿಸಿಕೊಂಡರೆ ಏನು ತಪ್ಪು?’ ಅಂತ ಕೇಳುತ್ತಾರೆ. ಅವರು ಕ್ರೂರಿಗಳಾಗಿರಲಿಲ್ಲ. ನಮ್ಮೂರಿನ ಯಾವುದೇ ಒಳ್ಳೆಯ ಅಧಿಕಾರಿ ಹಿರಿಯರೊಬ್ಬರಿಗೆ ಹೇಳುವ ಬುದ್ಧಿಮಾತು ಅದು. ಪಾಲಿಕಾರ್ಪ್ ಒಪ್ಪಲಿಲ್ಲ. ಗವರ್ನರ್ ಮುಂದೆ ಅವರು ಹೇಳಿದ್ದು ಪ್ರಸಿದ್ಧವಾಗಿದೆ: 86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡೂ ಮಾಡಲಿಲ್ಲ, ನನ್ನನ್ನು ಉಳಿಸಿದ ಅರಸನನ್ನು ಹೇಗೆ ಬೈಯಲಿ?

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ದೇವರು ನೇಮಿಸಿದ ಅಧಿಕಾರಿಗಳಿಗೆ ಸಲ್ಲಬೇಕಾದ ಮರ್ಯಾದೆ ಕೊಡಿ ಅಂತ ನಮಗೆ ಕಲಿಸಿದ್ದಾರೆ, ಅಂತಾರೆ ಪಾಲಿಕಾರ್ಪ್. ಮರ್ಯಾದೆ ಕೊಡುತ್ತೇನೆ, ಆರಾಧನೆ ಮಾಡುವುದಿಲ್ಲ. ಈ ಗೆರೆಯನ್ನು ಹಿಡಿದೇ ನಾನು ಉತ್ತರಕ್ಕೆ ಹೋಗಬೇಕು ಅಂದುಕೊಂಡೆ.

ಮಧ್ಯಾಹ್ನ ಹಳೆಯ ಅಗೋರಾದ ಕಮಾನುಗಳ ಕೆಳಗೆ ನಡೆದಾಡಿದೆವು. 178ರ ಭೂಕಂಪದ ಮೇಲೆ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ನೆರವಿನಿಂದ ಮತ್ತೆ ಕಟ್ಟಿದ ಪೇಟೆ ಇದು. ಸ್ಮುರ್ನಕ್ಕೂ ಅರಸರಿಗೂ ಹಳೆಯ ನಂಟು. ಕ್ರಿ.ಶ. 26ರಲ್ಲಿ ಆಗಿನ ಚಕ್ರವರ್ತಿ ತಿಬೇರಿಯನಿಗೆ ಗುಡಿ ಕಟ್ಟುವ ಹಕ್ಕಿಗಾಗಿ ಆಸ್ಯ ಎಂಬ ಈ ಪ್ರಾಂತ್ಯದ ಹನ್ನೊಂದು ಊರುಗಳು ರೋಮಿನ ಸೆನೆಟ್ ಮುಂದೆ ವಾದಿಸಿದವು. ಗೆದ್ದದ್ದು ಸ್ಮುರ್ನ. ಗುಡಿ ಬೇಕು ಅಂತ ಊರಿನವರೇ ಮುಂದಾಗಿ ಕೇಳಿದ್ದು, ಮೇಲಿಂದ ಯಾರೂ ಹೇರಿದ್ದಲ್ಲ. ಇದು ಗೊತ್ತಿಲ್ಲದಿದ್ದರೆ ಆ ಕಾಲದ ಒತ್ತಡ ಎಂಥದ್ದು ಅಂತ ಅರ್ಥವಾಗುವುದಿಲ್ಲ. ಧೂಪ ಹಾಕದವನು ಅರಸನಿಗೆ ಮಾತ್ರ ಎದುರಾಗುತ್ತಿರಲಿಲ್ಲ. ತನ್ನ ಊರಿನ ಹೆಮ್ಮೆಗೆ, ನೆರೆಮನೆಯವರ ಹಬ್ಬಕ್ಕೆ ಬೆನ್ನು ತಿರುಗಿಸುತ್ತಿದ್ದ.

ತಿಬೇರಿಯ ಅಂದಾಗ ಜೊತೆಗೆ ಬಂದಿದ್ದ ಅಕ್ಕನಿಗೆ ಚಿತ್ರದುರ್ಗದ ಚಂದ್ರವಳ್ಳಿ ನೆನಪಾಯಿತು. ಅಲ್ಲಿನ ಅಗೆತದಲ್ಲಿ ಚಕ್ರವರ್ತಿಗಳಾದ ಅಗಸ್ಟಸ್, ತಿಬೇರಿಯ ಇಬ್ಬರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ‘ಯೇಸು ಕೈಗೆ ತರಿಸಿಕೊಂಡು ನೋಡಿದ್ದೂ ಇಂಥದ್ದೇ ನಾಣ್ಯ ತಾನೇ?’ ಅಂದಳು. ಹೌದು. ‘ಕೈಸರನದನ್ನು ಕೈಸರನಿಗೆ ಕೊಡಿ, ದೇವರದನ್ನು ದೇವರಿಗೆ ಕೊಡಿ’ ಅಂದದ್ದು ಆ ನಾಣ್ಯ ನೋಡಿಯೇ. ಅದರ ಮೇಲೆ ತಿಬೇರಿಯನ ತಲೆ, ಸುತ್ತ ‘ದೈವ ಅಗಸ್ಟಸನ ಮಗ’ ಅನ್ನುವ ಬರಹ. ವ್ಯಾಪಾರಕ್ಕೆ ಹಡಗು ಹತ್ತಿ ಬಂದ ಅದೇ ಬರಹ ನಮ್ಮ ನೆಲದಲ್ಲೂ ಹೂತಿತ್ತು.

ಬುಧವಾರ, ಎಫೆಸ

ಬಸ್ಮನೆ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ಸೆಲ್ಚುಕ್‌ಗೆ ಬಂದೆವು. ಎಫೆಸದ ಅವಶೇಷಗಳು ಊರಾಚೆ. ಎಲ್ಲರೂ ಗ್ರಂಥಾಲಯದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಮೊದಲು ಹುಡುಕಿದ್ದು ಚಕ್ರವರ್ತಿ ಡೊಮಿಷಿಯನ್ನನ ಗುಡಿ. 89-90ರಲ್ಲಿ ಚಕ್ರವರ್ತಿ ಮನೆತನದ ಪೂಜೆಗೆ ಅಂತ ಕಟ್ಟಿದ್ದು. ಈಗ ಉಳಿದಿರುವುದು ಜಗಲಿ, ಕೆಲವು ಕಂಬ. 96ರಲ್ಲಿ ಅವನ ಕೊಲೆಯಾಯಿತು. ಅವನ ನೆನಪನ್ನೇ ಅಳಿಸಿ ಅಂತ ಸೆನೆಟ್ ತೀರ್ಮಾನ ಮಾಡಿತು. ಇಲ್ಲಿನ ಶಾಸನಗಳಲ್ಲಿ ಅವನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದು, ಅವನ ಅಪ್ಪ ವೆಸ್ಪಾಸಿಯನ್ನನ ಹೆಸರು ಹಾಕಿದರು.

ರಂಗಮಂದಿರ ಮಾತ್ರ ಇನ್ನೂ ಗಟ್ಟಿಯಾಗಿದೆ. ಸುಮಾರು 25,000 ಜನ ಹಿಡಿಸುವಂಥದ್ದು. ಬೆಳ್ಳಿ ಕೆಲಸದ ದೇಮೇತ್ರಿಯ ಎಬ್ಬಿಸಿದ ಗಲಾಟೆ ನಡೆದದ್ದು ಇಲ್ಲೇ. ಕ್ರೈಸ್ತ ಬೋಧಕ ಪೌಲನ ಮಾತು ಕೇಳಿದವರು ಅರ್ತೆಮಿ ದೇವಿಯ ಬೆಳ್ಳಿ ಗುಡಿಗಳನ್ನು ಕೊಳ್ಳುವುದು ಬಿಟ್ಟರೆ ನಮ್ಮ ಹೊಟ್ಟೆಪಾಡು ಏನು ಅನ್ನುವುದು ಅವನ ದೂರು. ಆ ದಿನ ಪೌಲನನ್ನು ಒಳಗೆ ಹೋಗಬೇಡ ಅಂತ ತಡೆದವರಲ್ಲಿ ಆಸ್ಯ ಸೀಮೆಯ ದೊಡ್ಡ ಅಧಿಕಾರಿಗಳೂ ಇದ್ದರು. ಅವರು ಪೌಲನ ಸ್ನೇಹಿತರು ಅಂತ ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಬರೆದಿದೆ. ಕೊನೆಗೆ ಜನರನ್ನು ಮನೆಗೆ ಕಳಿಸಿದವನು ಊರಿನ ಕಾರ್ಯದರ್ಶಿ. ದೂರಿದ್ದರೆ ನ್ಯಾಯಾಲಯ ಇದೆ, ಅಲ್ಲಿಗೆ ಹೋಗಿ ಅಂದ. ಆಗಿನ್ನೂ ರೋಮಿನ ಆಡಳಿತ ಕ್ರೈಸ್ತರಿಗೆ ನೆರಳಾಗುವ ದಿನಗಳೂ ಇದ್ದವು.

ಸೆಲ್ಚುಕ್ ಮ್ಯೂಸಿಯಮ್ಮಿನಲ್ಲಿ ಅಗಸ್ಟಸ್ ಮತ್ತು ಅವನ ಹೆಂಡತಿ ಲಿವಿಯಾ ಕೂತ ಶಿಲ್ಪಗಳಿವೆ. ಇಬ್ಬರ ಹಣೆಯ ಮೇಲೂ ಶಿಲುಬೆ ಕೆತ್ತಿದ್ದಾರೆ. ಕಾಲ ಬದಲಾದ ಮೇಲೆ ಯಾರೋ ಕ್ರೈಸ್ತರು ಮಾಡಿದ ಕೆಲಸ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ಒಡೆದು ಹಾಕಿಲ್ಲ. ಹಣೆಗೆ ಗುರುತು ಹಾಕಿ ಇಟ್ಟುಕೊಂಡಿದ್ದಾರೆ. ಹಳೆಯ ದೇವ-ಅರಸನನ್ನು ತಮ್ಮವನನ್ನಾಗಿ ಮಾಡಿಕೊಂಡರೋ, ಅವನ ಶಕ್ತಿಯನ್ನು ಕಟ್ಟಿಹಾಕಿದರೋ? ಎರಡೂ ಇರಬಹುದು. ಆಮೇಲಿನ ನೂರಾರು ವರ್ಷ ಚರ್ಚು ಮತ್ತು ಅರಮನೆ ಹೇಗಿದ್ದವು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ.

ಸಂಜೆ ಮುಂಚೆ ಯೇಸುವಿನ ತಾಯಿ ಮರಿಯಳ ಚರ್ಚಿನ ಅವಶೇಷಗಳಿಗೆ ಹೋದೆವು. 431ರಲ್ಲಿ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಕರೆದ ಬಿಷಪ್ಪರ ಸಭೆ ಸೇರಿದ್ದು ಇಲ್ಲಿ. ಕ್ರಿಸ್ತನ ಸ್ವರೂಪದ ಬಗ್ಗೆ ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್‌ನ) ಬಿಷಪ್ ನೆಸ್ತೋರಿಯಸ್, ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಇಬ್ಬರ ಜಗಳ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಪದವಿಯಿಂದ ಇಳಿಸಿದರು. ಚಕ್ರವರ್ತಿ ಇಬ್ಬರನ್ನೂ ಕಾವಲಲ್ಲಿ ಇಟ್ಟ. ಆಮೇಲೆ ಸಿರಿಲ್ ಕಡೆಯಿಂದ ಆಸ್ಥಾನದ ದೊಡ್ಡವರಿಗೆ ಹೋದ ಕಾಣಿಕೆಗಳ ಪಟ್ಟಿ ಉಳಿದಿದೆ: ರತ್ನಗಂಬಳಿ, ದಂತದ ಕುರ್ಚಿ, ರಾಶಿ ಬಂಗಾರ. ಸಿರಿಲ್ ತನ್ನ ಪದವಿಗೆ ಮರಳಿದ. ನೆಸ್ತೋರಿಯಸ್ ಕೊನೆಗೆ ಈಜಿಪ್ಟಿನಲ್ಲಿ ಗಡಿಪಾರಾಗಿಯೇ ತೀರಿಕೊಂಡ. ಯಾರ ದೇವತಾಶಾಸ್ತ್ರ ಸರಿ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ದೇವರ ಸ್ವರೂಪದ ಮಾತು ಅರಮನೆಯ ನೌಕರರ ಬಾಗಿಲಿಗೆ ಹೋಗಿ ನಿಂತದ್ದು ನೋಡಿದರೆ ಮನಸ್ಸಿಗೆ ನೋವಾಗುತ್ತದೆ.

ಇದರ ಇನ್ನೊಂದು ಮುಖ ನಮಗೆ ಹತ್ತಿರದ್ದು. ರೋಮಿನ ಗಡಿಯಾಚೆ ಪರ್ಷಿಯಾದಲ್ಲೂ ಕ್ರೈಸ್ತರಿದ್ದರು. ರೋಮಿನ ಚಕ್ರವರ್ತಿ ಕ್ರೈಸ್ತನಾದ ದಿನದಿಂದ ಅವರಿಗೆ ಕಷ್ಟ ಶುರುವಾಯಿತು. ಆ ಚಕ್ರವರ್ತಿ ಕಾನ್‌ಸ್ಟಂಟೈನ್ ಪರ್ಷಿಯಾದ ದೊರೆ ಎರಡನೇ ಶಾಪುರನಿಗೆ ಪತ್ರ ಬರೆದು, ನಿನ್ನ ನಾಡಿನ ಕ್ರೈಸ್ತರನ್ನು ಚೆನ್ನಾಗಿ ನೋಡಿಕೋ ಅಂದಿದ್ದ. ಆಮೇಲೆ ಯುದ್ಧ ಬಂದಾಗ ಇವರು ಶತ್ರುವಿನ ಕಡೆಯವರು ಅನ್ನುವ ಗುಮಾನಿ ಬೆಳೆಯಿತು. 340ರ ದಶಕದಲ್ಲಿ ಬಿಷಪ್ ಸಿಮೆಯೋನ್ ಮತ್ತು ಎಷ್ಟೋ ಮಂದಿ ಪ್ರಾಣ ಕಳೆದುಕೊಂಡರು. ಮುಂದೆ ಆ ಪೂರ್ವದ ಚರ್ಚು ತನ್ನದೇ ದಾರಿ ಹಿಡಿಯಿತು. ಭಾರತದ ಕರಾವಳಿಗೆ ಬಂದದ್ದು ಆ ದಾರಿಯೇ. 550ರ ಸುಮಾರಿಗೆ ಕಾಸ್ಮಸ್ ಎಂಬ ವ್ಯಾಪಾರಿ ಸನ್ಯಾಸಿ, ‘ಮಲೆ’ಯಲ್ಲಿ, ಅಂದರೆ ಮಲಬಾರಿನಲ್ಲಿ, ಕ್ರೈಸ್ತರಿದ್ದಾರೆ, ‘ಕಲ್ಲಿಯಾನ’ದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಅಂತ ಬರೆದ. ಹೆಚ್ಚಿನವರು ಅದು ಮುಂಬೈ ಹತ್ತಿರದ ಕಲ್ಯಾಣ ಅನ್ನುತ್ತಾರೆ. ನಮ್ಮ ಉಡುಪಿ ಪಕ್ಕದ ಕಲ್ಯಾಣಪುರ ಅನ್ನುವವರೂ ಇದ್ದಾರೆ. ಯಾವುದೇ ಇರಲಿ, ಇಲ್ಲಿನ ಹಳೆಯ ಕ್ರೈಸ್ತರು ತಲೆಬಾಗಿ ನಡೆದ ಚರ್ಚು ರೋಮಿನ ದೊರೆಯ ಕೈಯಲ್ಲಿ ಇರಲಿಲ್ಲ. ಕ್ರೈಸ್ತ ಚರಿತ್ರೆಯನ್ನು ಯುರೋಪಿನ ಚರಿತ್ರೆ ಅಂತಲೇ ಓದುವವರು ಇದನ್ನು ಮರೆಯುತ್ತಾರೆ.

ಗುರುವಾರ, ಬೆರ್ಗಾಮ

ಬೈಬಲ್ಲಿನ ಪೆರ್ಗಮ ಇದೇ. ಕೇಬಲ್ ಕಾರಿನಲ್ಲಿ ಬೆಟ್ಟದ ಮೇಲೆ ಹೋದೆವು. ಗಾಳಿ ಅಂದರೆ ಗಾಳಿ, ಅಕ್ಕನ ದುಪಟ್ಟಾ ನಿಲ್ಲಲಿಲ್ಲ.

ಬೆಟ್ಟದ ತುದಿಯಲ್ಲಿ ಚಕ್ರವರ್ತಿ ಟ್ರಾಜನ್ ಗುಡಿಯ ಬಿಳಿ ಕಂಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಕೆಳಗಿನ ಬಯಲಿನಲ್ಲಿ ಎಲ್ಲಿಂದ ನೋಡಿದರೂ ಕಾಣಬೇಕು ಅಂತಲೇ ಕಟ್ಟಿದ ಜಾಗ. ಅರಸನ ಪೂಜೆಗೆ ಆಸ್ಯ ಪ್ರಾಂತ್ಯದಲ್ಲಿ ಮೊದಲು ಅನುಮತಿ ಸಿಕ್ಕಿದ್ದೂ ಈ ಊರಿಗೆ. ಕ್ರಿ.ಪೂ. 29ರಲ್ಲಿ, ಅಗಸ್ಟಸ್ ಮತ್ತು ರೋಮಾ ದೇವಿ ಇಬ್ಬರಿಗೂ ಸೇರಿ ಒಂದು ಗುಡಿ. ಬೈಬಲ್ಲಿನ ಪ್ರಕಟನೆ ಪುಸ್ತಕದಲ್ಲಿ ಈ ಊರಿನ ಸಭೆಗೆ ಬಂದ ಮಾತು ಕಠಿಣವಾಗಿದೆ: ಸೈತಾನನ ಸಿಂಹಾಸನ ಇರುವಲ್ಲಿ ನೀನು ವಾಸ ಮಾಡುತ್ತೀ. ಅಂತಿಪ ಎಂಬ ನಂಬಿಗಸ್ತ ಸಾಕ್ಷಿ ಇಲ್ಲಿ ಸತ್ತ ಅಂತಲೂ ಬರೆದಿದೆ. ಸಿಂಹಾಸನ ಅಂದರೆ ಜ್ಯೂಸ್ ದೇವರ ದೊಡ್ಡ ಬಲಿಪೀಠ ಅಂತ ಕೆಲವರು. ಆ ಪೀಠ ಈಗ ಬರ್ಲಿನ್ನಿನಲ್ಲಿದೆ. ಇಲ್ಲಿ ಬುಡದ ಮೆಟ್ಟಿಲು, ಮರಗಳು ಅಷ್ಟೇ. ನನಗೆ ಮಾತ್ರ ಅದು ಅರಸನ ಪೂಜೆಯ ಮಾತೇ ಅನ್ನಿಸುತ್ತದೆ. ಆ ಪುಸ್ತಕದ 13ನೇ ಅಧ್ಯಾಯದಲ್ಲಿ ಜನರೆಲ್ಲ ಅಡ್ಡಬೀಳುವ ಮೃಗ ಬರುತ್ತದಲ್ಲ, ಅದರ ಮೈತುಂಬಾ ರೋಮಿನ ಗುರುತುಗಳೇ.

ಇನ್ನೊಂದು 13ನೇ ಅಧ್ಯಾಯವೂ ಇದೆ. ಪೌಲ ರೋಮಿನವರಿಗೆ ಬರೆದದ್ದು. ಅಲ್ಲಿ ಅಧಿಕಾರವೆಲ್ಲ ದೇವರಿಂದ ಬಂದದ್ದು, ತೆರಿಗೆ ಕೊಡಿ, ಮರ್ಯಾದೆ ಕೊಡಿ ಅಂತಿದೆ. ಅವನು ಬರೆದಾಗ ನೀರೋ ಹೊಸ ದೊರೆ. 64ರ ರೋಮಿನ ಬೆಂಕಿ, ಅದರ ಹೊಣೆಯನ್ನು ಕ್ರೈಸ್ತರ ಮೇಲೆ ಹೊರಿಸಿ ಕೊಂದದ್ದು ಇನ್ನೂ ಆಗಿರಲಿಲ್ಲ. ಒಂದೇ ಗ್ರಂಥದಲ್ಲಿ ಎರಡೂ ಇವೆ. ಅಧಿಕಾರದಲ್ಲಿದ್ದವರು ಒಂದನ್ನೇ ಓದುತ್ತಾರೆ, ಪೆಟ್ಟು ತಿಂದವರು ಇನ್ನೊಂದನ್ನು. ಎರಡನ್ನೂ ಕೈಬಿಡದೆ ಉಳಿಸಿಕೊಂಡು ಬಂದವರ ಮೇಲೆ ನನಗೆ ತುಂಬಾ ಗೌರವ.

ಇಳಿದ ಮೇಲೆ ಊರೊಳಗಿನ ಕೆಂಪು ಇಟ್ಟಿಗೆಯ ಕಿಝಿಲ್ ಅವ್ಲು ನೋಡಿದೆವು. ಮೊದಲು ಈಜಿಪ್ಟಿನ ದೇವರುಗಳ ಗುಡಿ, ಆಮೇಲೆ ಒಳಗೇ ಚರ್ಚು ಕಟ್ಟಿದರು. ಗೋಡೆಗಳು ಎಷ್ಟು ಎತ್ತರ ಅಂದರೆ ಕತ್ತು ನೋಯುತ್ತದೆ.

ಶುಕ್ರವಾರ, ದಾರಿಯಲ್ಲಿ

ಪೂರ್ತಿ ದಿನ ಬಸ್ಸಿನಲ್ಲೇ ಹೋಯಿತು. ಆಲಿವ್ ತೋಟಗಳು, ಆಮೇಲೆ ಬುರ್ಸಾ ಕಡೆಯ ಬೆಟ್ಟಗಳು. ನಡುವೆ ಅಕ್ಕ ಕೇಳಿದಳು: ‘ಅಲ್ವೇ, ಯೆಹೂದ್ಯರೂ ಧೂಪ ಹಾಕ್ತಿರಲಿಲ್ಲವಲ್ಲ. ಅವರನ್ನು ಯಾಕೆ ಬಿಟ್ಟರು?’ ಒಳ್ಳೆಯ ಪ್ರಶ್ನೆ. ಅವರದು ಪೂರ್ವಜರಿಂದ ಬಂದ ಹಳೆಯ ಧರ್ಮ ಅಂತ ರೋಮಿನವರು ವಿನಾಯಿತಿ ಕೊಟ್ಟಿದ್ದರು. ಯೆರೂಸಲೇಮಿನ ದೇವಾಲಯದಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ದೇವರಿಗೆ ಬಲಿ ಕೊಡುತ್ತಿದ್ದರು, 66ರ ದಂಗೆಯವರೆಗೂ. ಅರಸನಿಗೆ ಅಲ್ಲ, ಅರಸನಿಗಾಗಿ. ಕ್ರೈಸ್ತರು ಹಿಡಿದದ್ದೂ ಅದೇ ದಾರಿ. ಆದರೆ ಅವರದು ಹೊಸ ಪಂಥ, ಹಳೆಯ ಹಿರಿಮೆ ಇರಲಿಲ್ಲ. 197ರ ಸುಮಾರಿಗೆ ಆಫ್ರಿಕದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಬರೆದ: ಚಕ್ರವರ್ತಿಗೆ ದೀರ್ಘಾಯುಸ್ಸು, ನೆಮ್ಮದಿಯ ಆಡಳಿತ, ಧೀರ ಸೈನ್ಯ ಸಿಗಲಿ ಅಂತ ನಾವು ಬೇಡುತ್ತೇವೆ, ಬೇಡುವುದು ಮಾತ್ರ ನಿಜವಾದ ದೇವರಲ್ಲಿ.

ಶನಿವಾರ, ಇಜ್ಮಿತ್

ಕಾರ್ಖಾನೆಗಳ ಊರು. ಪ್ರವಾಸಿಗರು ಇಲ್ಲಿ ಇಳಿಯುವುದಿಲ್ಲ. ಒಂದು ಕಾಲಕ್ಕೆ ಇದು ನಿಕೊಮೇದಿಯ, ರೋಮ್ ಸಾಮ್ರಾಜ್ಯದ ಪೂರ್ವಭಾಗದ ರಾಜಧಾನಿ. ಭೂಕಂಪಗಳು ಅದನ್ನು ಮತ್ತೆ ಮತ್ತೆ ನೆಲಸಮ ಮಾಡಿದವು. 1999ರ ಆಗಸ್ಟ್ 17ರ ಭೂಕಂಪವನ್ನು ಇಲ್ಲಿನ ಹಿರಿಯರು ಈಗಲೂ ಕಣ್ಣೀರಿಲ್ಲದೆ ಹೇಳುವುದಿಲ್ಲ.

112ರ ಸುಮಾರಿಗೆ ಈ ಬಿಥೂನ್ಯ ಸೀಮೆಗೆ ಪ್ಲಿನಿ ಗವರ್ನರ್ ಆಗಿದ್ದ. ಅವನೂ ಚಕ್ರವರ್ತಿ ಟ್ರಾಜನ್ನನೂ ಬರೆದುಕೊಂಡ ಪತ್ರಗಳು ಉಳಿದಿವೆ. ನಿಕೊಮೇದಿಯದಲ್ಲಿ ದೊಡ್ಡ ಬೆಂಕಿ ಬಿದ್ದಾಗ ಪ್ಲಿನಿ ಕೇಳಿದ: 150 ಜನರ ಅಗ್ನಿಶಾಮಕ ದಳ ಮಾಡಿಕೊಳ್ಳಲೇ? ಟ್ರಾಜನ್ ಬೇಡ ಅಂದ. ಯಾವ ಹೆಸರಿಟ್ಟರೂ ಜನ ಒಂದೆಡೆ ಸೇರಿದರೆ ಬೇಗ ರಾಜಕೀಯ ಕೂಟವಾಗುತ್ತದೆ, ಬಕೆಟ್ಟು ಪಂಪು ಇಟ್ಟುಕೊಳ್ಳಿ ಸಾಕು ಅಂತ. ಬೆಂಕಿ ಆರಿಸುವವರು ಸೇರುವುದಕ್ಕೇ ಹೆದರಿದ ಸರ್ಕಾರ ಅದು. ಇದನ್ನು ಓದಿದ ಮೇಲೆಯೇ ಕ್ರೈಸ್ತರ ಬಗ್ಗೆ ಪ್ಲಿನಿ ಬರೆದ ಪತ್ರ ನನಗೆ ಸರಿಯಾಗಿ ಅರ್ಥವಾದದ್ದು.

ಅವನು ವಿಚಾರಣೆ ಮಾಡಿ ಕಂಡುಕೊಂಡದ್ದು ಇಷ್ಟು: ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲ ಅಂತ ಆಣೆ ಇಡುತ್ತಾರೆ, ಆಮೇಲೆ ಸೇರಿ ಸಾಧಾರಣ ಊಟ ಮಾಡುತ್ತಾರೆ. ನಿಜ ತಿಳಿಯಬೇಕು ಅಂತ ಸಭೆಯ ಸೇವಕಿಯರಾಗಿದ್ದ ಇಬ್ಬರು ಜೀತದ ಹೆಂಗಸರಿಗೆ ಚಿತ್ರಹಿಂಸೆ ಕೊಟ್ಟ. ಅವರ ಹೆಸರನ್ನೂ ಅವನು ಬರೆದಿಲ್ಲ. ಅನುಮಾನ ಬಂದವರಿಗೆ ಪರೀಕ್ಷೆ: ಟ್ರಾಜನ್ನನ ಮೂರ್ತಿಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಬೈಯಬೇಕು. ಟ್ರಾಜನ್ ಉತ್ತರ ಕೊಟ್ಟ: ಅವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ತೆಗೆದುಕೊಳ್ಳಬೇಡ, ಸಿಕ್ಕಿಬಿದ್ದು ನಮ್ಮ ದೇವರುಗಳನ್ನು ಪೂಜಿಸಲು ಒಪ್ಪದಿದ್ದರೆ ಶಿಕ್ಷಿಸು.

ಹಳೆಯ ರೈಲು ನಿಲ್ದಾಣದ ಆವರಣದಲ್ಲಿರುವ ಮ್ಯೂಸಿಯಮ್ಮಿಗೆ ಹೋದೆವು. ಇಲ್ಲಿನ ಚುಕುರ್‌ಬಾ ಎಂಬ ಬಡಾವಣೆಯಲ್ಲಿ ಸಿಕ್ಕಿದ ಉಬ್ಬುಶಿಲ್ಪಗಳ ಮೇಲೆ ಹಳೆಯ ಬಣ್ಣ ಇನ್ನೂ ಇದೆ. ಒಂದರಲ್ಲಿ ಡಯೊಕ್ಲೀಷಿಯನ್, ಮ್ಯಾಕ್ಸಿಮಿಯನ್ ಇಬ್ಬರು ಚಕ್ರವರ್ತಿಗಳು ರಥದಿಂದ ಇಳಿದು ತಬ್ಬಿಕೊಳ್ಳುತ್ತಾರೆ. ಮೈಮೇಲೆ ನೇರಳೆ ಬಣ್ಣದ ಉಡುಗೆ. ಆ ಮುಖಗಳನ್ನು ನೋಡುತ್ತಾ 303ರ ಫೆಬ್ರುವರಿ 23ನ್ನು ನೆನೆಸಿಕೊಂಡೆ. ಈ ಊರಿನ ಚರ್ಚು ಅರಮನೆಗೆ ಕಾಣುವಷ್ಟು ಹತ್ತಿರ, ಎತ್ತರದಲ್ಲಿತ್ತು. ಬೆಳಗಾಗುವ ಹೊತ್ತಿಗೆ ಸೈನಿಕರು ಬಾಗಿಲು ಮುರಿದು ನುಗ್ಗಿದರು. ದೇವರ ಮೂರ್ತಿ ಎಲ್ಲಿ ಅಂತ ಹುಡುಕಿದರು. ಪುಸ್ತಕಗಳು ಸಿಕ್ಕವು, ಸುಟ್ಟರು. ಬೆಂಕಿ ಹಚ್ಚಿದರೆ ಊರಿಗೆ ಹಬ್ಬೀತು ಅಂತ ಡಯೊಕ್ಲೀಷಿಯನ್ ಹೆದರಿದ್ದರಿಂದ, ಕೊಡಲಿಯಿಂದ ಕೆಲವೇ ಗಂಟೆಯಲ್ಲಿ ಕಟ್ಟಡ ಕೆಡವಿದರು. ಇಷ್ಟನ್ನೂ ಬರೆದವನು ಆ ದಿನಗಳಲ್ಲಿ ಇದೇ ಊರಿನಲ್ಲಿ ಪಾಠ ಹೇಳುತ್ತಿದ್ದ ಲಾಕ್ಟಾಂಟಿಯಸ್. ಮರುದಿನ ಕ್ರೈಸ್ತರ ವಿರುದ್ಧದ ಆಜ್ಞೆ ಅಂಟಿಸಿದರು. ಒಬ್ಬ ಅದನ್ನು ಹರಿದು ಹಾಕಿ ಪ್ರಾಣ ಕೊಟ್ಟ. ಚಕ್ರವರ್ತಿಯ ಹೆಂಡತಿ ಪ್ರಿಸ್ಕಾ, ಮಗಳು ವಲೇರಿಯಾ ಇಬ್ಬರಿಂದಲೂ ಬಲಿ ಕೊಡಿಸಿದರು. ಸಂಶಯ ಅರಮನೆಯ ಒಳಕೋಣೆಗೂ ಹೋಗಿತ್ತು ಅಂತಾಯಿತು.

ಎಂಟು ವರ್ಷದ ಮೇಲೆ, 311ರಲ್ಲಿ, ಈ ಹಿಂಸೆಯ ದೊಡ್ಡ ಒತ್ತಾಸೆಗಾರ ಚಕ್ರವರ್ತಿ ಗಲೇರಿಯಸ್ ರೋಗದಿಂದ ನರಳುತ್ತಾ ಇನ್ನೊಂದು ಆಜ್ಞೆ ಹೊರಡಿಸಿದ. ಕ್ರೈಸ್ತರು ಇರಬಹುದು, ಮತ್ತೆ ಸೇರಬಹುದು. ಅದಕ್ಕೆ ಪ್ರತಿಯಾಗಿ ನಮ್ಮ ಕ್ಷೇಮಕ್ಕಾಗಿ, ರಾಜ್ಯದ ಕ್ಷೇಮಕ್ಕಾಗಿ ತಮ್ಮ ದೇವರಲ್ಲಿ ಪ್ರಾರ್ಥಿಸಲಿ ಅಂದ. ಇಷ್ಟು ಕಾಲ ಅವರು ಮಾಡುತ್ತಾ ಬಂದದ್ದೂ ಅದನ್ನೇ ಅಲ್ವಾ! ಅಷ್ಟನ್ನು ಒಪ್ಪಿಕೊಳ್ಳಲು ಎಷ್ಟು ಜೀವ ಹೋಗಬೇಕಾಯಿತು. 313ರ ಜೂನ್ 13ರಂದು ಇದೇ ಊರಿನಲ್ಲಿ ಚಕ್ರವರ್ತಿ ಲಿಸಿನಿಯಸ್‌ನ ಪತ್ರ ಅಂಟಿಸಿದರು. ಕ್ರೈಸ್ತರಿಗೂ ಉಳಿದ ಎಲ್ಲರಿಗೂ ತಮ್ಮಿಷ್ಟದ ಧರ್ಮ ಅನುಸರಿಸುವ ಹಕ್ಕು ಇದೆ ಅಂತ ಅದರಲ್ಲಿತ್ತು. ‘ಎಲ್ಲರಿಗೂ’. ಆ ಮಾತು ಹೆಚ್ಚು ದಿನ ಬಾಳಲಿಲ್ಲ.

ಭಾನುವಾರ, ಇಜ್ನಿಕ್

ಸರೋವರದ ದಂಡೆಯ ಸಣ್ಣ ಊರು. ಸುತ್ತ ಸುಮಾರು 5 ಕಿಲೋಮೀಟರ್ ಕೋಟೆ ಗೋಡೆ, ಒಳಗೆ ಹೆಂಚು-ಪಿಂಗಾಣಿ ಅಂಗಡಿ, ಹೊರಗೆ ಆಲಿವ್ ಮರ. ಭಾನುವಾರವಾದ್ದರಿಂದ ಬುರ್ಸಾದ ಕುಟುಂಬಗಳೆಲ್ಲ ದಂಡೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದವು. ಭಾನುವಾರದ ಬಿಡುವು ಕೂಡ ರಾಜಾಜ್ಞೆಯಿಂದ ಬಂದದ್ದು. 321ರ ಮಾರ್ಚಿನಲ್ಲಿ ಕಾನ್‌ಸ್ಟಂಟೈನ್, ‘ಪೂಜ್ಯ ಸೂರ್ಯನ ದಿನ’ ನ್ಯಾಯಾಲಯ, ಕಸುಬು ಮುಚ್ಚಿರಲಿ, ಹೊಲದ ಕೆಲಸ ಮಾತ್ರ ನಡೆಯಲಿ ಅಂತ ಕಾನೂನು ಮಾಡಿದ.

ಬೈಬಲ್ ಓದುವವರಿಗೆ ಗೊತ್ತಿಲ್ಲದಿದ್ದರೂ ಚರ್ಚಿಗೆ ಹೋಗುವವರಿಗೆಲ್ಲ ಈ ಊರಿನ ಹೆಸರು ಗೊತ್ತು. ನೈಸಿಯ. 325ರಲ್ಲಿ ಇಲ್ಲಿ ಬಿಷಪ್ಪರ ಮಹಾಸಭೆ. ಸಂಪ್ರದಾಯ ಹೇಳುವ ಸಂಖ್ಯೆ 318. ಸಭೆಯಲ್ಲಿದ್ದ ಕೈಸರೇಯದ ಯೂಸೆಬಿಯಸ್ 250ಕ್ಕಿಂತ ಜಾಸ್ತಿ ಅಂತಾನೆ. ಸರ್ಕಾರಿ ಅಂಚೆಯ ಗಾಡಿ, ಕುದುರೆಗಳಲ್ಲಿ ಬಂದರು. ಖರ್ಚು ಚಕ್ರವರ್ತಿಯದು. ಸೇರಿದ್ದು ಅರಮನೆಯ ದೊಡ್ಡ ಸಭಾಂಗಣದಲ್ಲಿ. ಕಾನ್‌ಸ್ಟಂಟೈನ್ ನೇರಳೆ ನಿಲುವಂಗಿ, ಹೊಳೆಯುವ ಚಿನ್ನ, ರತ್ನ ತೊಟ್ಟು ಒಳಗೆ ಬಂದ. ಚಿನ್ನದ ಸಣ್ಣ ಕುರ್ಚಿ ಇಟ್ಟಿದ್ದರು. ಬಿಷಪ್ಪರು ಸನ್ನೆ ಮಾಡುವವರೆಗೆ ಕೂರಲಿಲ್ಲ ಅಂತ ಯೂಸೆಬಿಯಸ್ ಬರೆಯುತ್ತಾನೆ.

ಆ ಸಭೆಯಲ್ಲಿ ಕೂತವರನ್ನು ಹಗುರವಾಗಿ ಮಾತಾಡುವುದು ನನಗೆ ಸೇರುವುದಿಲ್ಲ. ಅವರಲ್ಲಿ ಹಿಂಸೆಯ ಗಾಯ ಹೊತ್ತವರಿದ್ದರು. ಈಜಿಪ್ಟಿನ ಪಾಫ್ನೂಟಿಯಸ್‌ನ ಒಂದು ಕಣ್ಣು ಕಿತ್ತಿದ್ದರು. ಕಾನ್‌ಸ್ಟಂಟೈನ್ ಆ ಕಣ್ಣಿನ ಗುಳಿಗೆ ಮುತ್ತಿಡುತ್ತಿದ್ದ ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಚಕ್ರವರ್ತಿ ಪಟ್ಟಕ್ಕೆ ಬಂದ 20ನೇ ವರ್ಷದ ಔತಣಕ್ಕೆ ಎಲ್ಲರನ್ನೂ ಕರೆದರು. ಬಾಗಿಲಿನ ಎರಡೂ ಕಡೆ ಕಾವಲಿನವರು ಕತ್ತಿ ಹಿರಿದು ನಿಂತಿದ್ದರು. ಅದರ ನಡುವೆ ಬಿಷಪ್ಪರು ಹೆದರದೆ ನಡೆದುಹೋದರು. ಕ್ರಿಸ್ತನ ರಾಜ್ಯದ ಚಿತ್ರವೇ ಇದು ಅನ್ನಿಸುವಂತಿತ್ತು, ಕನಸೋ ನನಸೋ ಅನ್ನುವಂತಿತ್ತು ಅಂತಾನೆ ಯೂಸೆಬಿಯಸ್. ಇಪ್ಪತ್ತು ವರ್ಷದ ಹಿಂದೆ ಇದೇ ಕತ್ತಿಗಳು ಇವರನ್ನು ಹುಡುಕುತ್ತಿದ್ದವು. ಅವರಿಗೆ ಕಣ್ಣು ತುಂಬಿ ಬಂದಿದ್ದರೆ ಅದು ಸಹಜ.

ಆದರೆ ಕತ್ತಿ ಒರೆಯಿಂದ ಹೊರಗೇ ಇತ್ತು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ಮಗನಾದ ಕ್ರಿಸ್ತ ತಂದೆಗೆ ಸಮನಲ್ಲ, ಸೃಷ್ಟಿಯಾದವನು ಅನ್ನುತ್ತಿದ್ದ. ಸಭೆ ಅದನ್ನು ತಳ್ಳಿಹಾಕಿ, ಮಗನು ತಂದೆಯೊಂದಿಗೆ ಏಕತತ್ವದವನು ಅಂತ ವಿಶ್ವಾಸ ಪ್ರಮಾಣ ಬರೆಯಿತು. ಆ ಪ್ರಮಾಣವನ್ನು ನಾನು ಮನಸಾರೆ ಹೇಳುತ್ತೇನೆ. ಸಹಿ ಹಾಕದ ಸೆಕುಂಡಸ್, ಥಿಯೊನಸ್ ಎಂಬ ಇಬ್ಬರು ಬಿಷಪ್ಪರನ್ನೂ ಏರಿಯಸ್‌ನನ್ನೂ ಗಡಿಪಾರು ಮಾಡಿದರು. ಆಮೇಲೆ ಕಾನ್‌ಸ್ಟಂಟೈನ್ ಆಜ್ಞೆ ಮಾಡಿದ: ಏರಿಯಸ್ ಬರೆದದ್ದೆಲ್ಲ ಸುಡಬೇಕು, ಬಚ್ಚಿಟ್ಟವರಿಗೆ ಮರಣದಂಡನೆ.

303ರಲ್ಲಿ ನಿಕೊಮೇದಿಯದಲ್ಲಿ ಪುಸ್ತಕ ಸುಟ್ಟರು. ಇಪ್ಪತ್ತು ಚಿಲ್ಲರೆ ವರ್ಷದೊಳಗೆ ಪುಸ್ತಕ ಸುಡುವ ಆಜ್ಞೆ ಕ್ರೈಸ್ತರ ಕಡೆಯಿಂದಲೇ ಬಂತು. ನಿನ್ನೆಯ ಊರಿಗೂ ಇವತ್ತಿನ ಊರಿಗೂ ಒಂದು ಬೆಟ್ಟಸಾಲು ಅಡ್ಡ, ಅಷ್ಟೇ. ನನ್ನ ನಂಬಿಕೆ ಗೆದ್ದ ಜಾಗದಲ್ಲಿ ನಿಂತು ಇದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ. ಧೂಪ ಹಾಕು ಅನ್ನುವುದೂ, ಸಹಿ ಹಾಕು ಅನ್ನುವುದೂ ಒಂದೇ ಬಾಯಿಂದ ಬಂದ ಮಾತುಗಳು.

ಅಕ್ಕ ಒಪ್ಪಲಿಲ್ಲ. ‘ಹಾಗಂದ್ರೆ ಹೇಗೇ? ಅರಸ ಕೈಹಿಡಿಯದೆ ಇದ್ದಿದ್ದರೆ ಅಷ್ಟು ದೂರದವರು ಒಂದು ಕಡೆ ಸೇರೋದಕ್ಕಾಗ್ತಿತ್ತಾ?’ ಅಂದಳು. ಸೇರುತ್ತಿರಲಿಲ್ಲ, ನಿಜ. ಆದರೆ ಕೈಹಿಡಿದವನು ಕೈಬಿಡುವುದೂ ಅವನ ಇಷ್ಟ. ಕೆಲವೇ ವರ್ಷದಲ್ಲಿ ಏರಿಯಸ್‌ನನ್ನು ವಾಪಸು ಕರೆಸಿದರು. 335ರಲ್ಲಿ ನೈಸಿಯದ ಪರ ನಿಂತ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್‌ನನ್ನೇ ದೂರದ ಟ್ರಿಯರ್‌ಗೆ (ಇಂದಿನ ಜರ್ಮನಿಯಲ್ಲಿದೆ) ಗಡಿಪಾರು ಮಾಡಿದರು. ಬೇರೆ ಬೇರೆ ಚಕ್ರವರ್ತಿಗಳ ಕೈಯಲ್ಲಿ ಅವನು ಐದು ಸಲ ಊರು ಬಿಟ್ಟ, ಒಟ್ಟು 17 ವರ್ಷ. ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಮುಂಚೆ ನಿಕೊಮೇದಿಯದ ಬಳಿ ದೀಕ್ಷಾಸ್ನಾನ ಪಡೆದದ್ದು ಏರಿಯಸ್‌ನ ಸ್ನೇಹಿತನಾಗಿದ್ದ ಬಿಷಪ್ಪನ ಕೈಯಿಂದ. ಅವನ ಮಗ ಕಾನ್‌ಸ್ಟಾಂಟಿಯಸ್ ಇನ್ನೂ ಮುಂದೆ ಹೋದ. ಆಗ ಅವನಿಗೆ ಪತ್ರ ಬರೆದವರು ಸ್ಪೇನಿನ ಮುದುಕ ಬಿಷಪ್ ಹೋಸಿಯಸ್. ಹಿಂಸೆಯ ಕಾಲದಲ್ಲಿ ನಂಬಿಕೆ ಬಿಡದವರು. ಕಾನ್‌ಸ್ಟಂಟೈನ್‌ನ ಪಕ್ಕದಲ್ಲಿದ್ದು ಸಲಹೆ ಕೊಟ್ಟವರು, ನೈಸಿಯದ ಸಭೆಯಲ್ಲಿ ಮುಂಚೂಣಿಯಲ್ಲಿದ್ದವರು. 356ರ ಸುಮಾರಿಗೆ ಅವರು ಬರೆದರು: ದೇವರು ನಿನ್ನ ಕೈಗೆ ರಾಜ್ಯ ಕೊಟ್ಟಿದ್ದಾನೆ, ಚರ್ಚಿನ ಕೆಲಸ ನಮಗೆ ಒಪ್ಪಿಸಿದ್ದಾನೆ, ಇದರಲ್ಲಿ ನೀನು ಕೈಹಾಕಬೇಡ. ಅರಸನನ್ನು ಒಳಗೆ ಕರೆತಂದ ಕಾಲದ ಹಿರಿಯರೇ ಬಾಗಿಲು ತೋರಿಸಬೇಕಾಯಿತು. ನೂರರ ಹತ್ತಿರದ ಆ ವಯಸ್ಸಿನಲ್ಲಿ ಅವರನ್ನು ಒತ್ತಾಯಿಸಿ ಬೇರೆ ಪ್ರಮಾಣಕ್ಕೆ ಸಹಿ ಹಾಕಿಸಿದರು.

ದಂಡೆಯಿಂದ ಸ್ವಲ್ಪ ದೂರ ನೀರಿನಡಿ ಒಂದು ಬಸಿಲಿಕದ (ದೊಡ್ಡ ಚರ್ಚಿನ) ತಳಪಾಯವಿದೆ. 2014ರಲ್ಲಿ ಆಕಾಶದಿಂದ ತೆಗೆದ ಫೋಟೋಗಳಲ್ಲಿ ಕಂಡದ್ದು. ನೀರು ಇಳಿದಂತೆಲ್ಲ ಕಲ್ಲುಗಳು ಹೊರಗೆ ಬಂದಿವೆ. ಸಂತ ನಿಯೊಫಿಟಸ್ ಎಂಬ ಹುತಾತ್ಮನ ಹೆಸರಿನದು ಅನ್ನುತ್ತಾರೆ. 2025ರ ನವೆಂಬರ್ 28ರಂದು, ಮಹಾಸಭೆಯ 1700ನೇ ವರ್ಷಕ್ಕೆ, ಪೋಪ್ ಲಿಯೊ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಪೇತ್ರಿಯಾರ್ಕ್ (ಹಿರಿಯ ಧರ್ಮಗುರು) ಬಾರ್ತಲೋಮಿಯೊ ಈ ದಂಡೆಯಲ್ಲಿ ಸೇರಿ ಪ್ರಾರ್ಥಿಸಿದರು. ಯಾವ ಚಕ್ರವರ್ತಿಯೂ ಕರೆದಿರಲಿಲ್ಲ. ನನಗೆ ಅದು ತುಂಬಾ ಸಂತೋಷದ ಸುದ್ದಿ.

ಸೋಮವಾರ, ಇಸ್ತಾಂಬುಲ್

ಯಾಲೊವಾದಿಂದ ಫೆರಿ ಹಿಡಿದು ಬೆಳಿಗ್ಗೆಯೇ ತಲುಪಿದೆವು. ಟ್ರಾಮಿನ ದಾರಿಯಲ್ಲೇ ಚೆಂಬೆರ್ಲಿತಾಷ್ ಸ್ತಂಭ. 330ರ ಮೇ 11ರಂದು ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಯನ್ನು ಉದ್ಘಾಟಿಸಿದಾಗ ಇದರ ಮೇಲೆ ಅವನದೇ ಮೂರ್ತಿ ಇತ್ತು, ಸೂರ್ಯದೇವರ ಹಾಗೆ ತಲೆಯ ಸುತ್ತ ಕಿರಣ. 1106ರ ಬಿರುಗಾಳಿಗೆ ಅದು ಬಿತ್ತು. ಮುಂದೆ 380ರಲ್ಲಿ ಮೊದಲನೇ ಥಿಯೊಡೋಸಿಯಸ್, ನೈಸಿಯದ ನಂಬಿಕೆಯವರಷ್ಟೇ ಸರಿಯಾದ ಕ್ರೈಸ್ತರು, ಉಳಿದವರು ಬುದ್ಧಿಗೆಟ್ಟವರು ಅಂತ ಕಾನೂನು ಬರೆಸಿದ. 385ರಲ್ಲಿ ಟ್ರಿಯರ್‌ನಲ್ಲಿ ಕ್ರೈಸ್ತ ಚಕ್ರವರ್ತಿ ಮ್ಯಾಕ್ಸಿಮಸ್, ಪ್ರಿಸಿಲಿಯನ್ ಎಂಬ ಬಿಷಪ್ಪನ ತಲೆ ತೆಗೆಸಿದ. ದೂರು ಕೊಟ್ಟವರೂ ಬಿಷಪ್ಪರೇ. ಟೂರ್ಸಿನ ಮಾರ್ಟಿನ್ ಹೋಗಿ ಬೇಡ ಅಂತ ಬೇಡಿಕೊಂಡಿದ್ದರು.

ಒಂದು ಕಾಲಕ್ಕೆ ಚರ್ಚಾಗಿದ್ದ ಆಯಾಸೋಫಿಯಾದ ಗುಮ್ಮಟದ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ನೋಡಲೇಬೇಕು ಅಂದುಕೊಂಡದ್ದು ಆವರಣದಲ್ಲಿರುವ ಒಂದು ಕಲ್ಲಿನ ಪೀಠವನ್ನು. ಒಂದು ಮುಖದಲ್ಲಿ ಗ್ರೀಕ್, ಇನ್ನೊಂದರಲ್ಲಿ ಲ್ಯಾಟಿನ್ ಬರಹ. ಇದರ ಮೇಲಿನ ಕಂಬದಲ್ಲಿ 403ರಲ್ಲಿ ರಾಣಿ ಯೂಡೋಕ್ಸಿಯಾಳ ಬೆಳ್ಳಿ ಮೂರ್ತಿ ನಿಲ್ಲಿಸಿದರು, ಚರ್ಚಿನ ಪಕ್ಕದಲ್ಲೇ. ಕುಣಿತ, ಆಟ, ಗದ್ದಲ. ಒಳಗೆ ಆರಾಧನೆ ನಡೆಸುತ್ತಿದ್ದ ಆರ್ಚ್‌ಬಿಷಪ್ ಜಾನ್ ಕ್ರಿಸೊಸ್ಟಮ್ ಸುಮ್ಮನಿರಲಿಲ್ಲ. ಅವರು ಮೊದಲಿನಿಂದಲೂ ಶ್ರೀಮಂತರ ಬೆಳ್ಳಿ ಪಾತ್ರೆ, ರೇಷ್ಮೆಯ ಬಗ್ಗೆ ನೇರವಾಗಿ ಮಾತಾಡುತ್ತಿದ್ದವರು. ಬಾಗಿಲಲ್ಲಿ ಬಡವ ಚಳಿಗೆ ನಡುಗುವಾಗ ಬಲಿಪೀಠಕ್ಕೆ ಚಿನ್ನದ ಬಟ್ಟೆ ಯಾಕೆ ಅಂತ ಕೇಳಿದವರು. ಮೂರ್ತಿಯ ವಿಷಯಕ್ಕೂ ಬೈದರು. ಹೆರೋದ್ಯಳು (ಬೈಬಲ್ಲಿನಲ್ಲಿ ಸ್ನಾನಿಕ ಯೋಹಾನನ ತಲೆ ತೆಗೆಸಿದ ರಾಣಿ; ಜಾನ್ ಅಂದರೂ ಯೋಹಾನನೇ) ಮತ್ತೆ ಕುಣಿಯುತ್ತಿದ್ದಾಳೆ, ಮತ್ತೆ ಯೋಹಾನನ ತಲೆ ಕೇಳುತ್ತಿದ್ದಾಳೆ ಅಂದರು ಅಂತ ಆ ಕಾಲದ ಸೊಕ್ರಟೀಸ್ ಎಂಬ ಇತಿಹಾಸಕಾರ ಬರೆದಿದ್ದಾನೆ. 404ರಲ್ಲಿ ಅವರನ್ನು ಗಡಿಪಾರು ಮಾಡಿದರು. ಇನ್ನೂ ದೂರಕ್ಕೆ, ಇನ್ನೂ ದೂರಕ್ಕೆ ಅಂತ ನಡೆಸಿಕೊಂಡು ಹೋದರು. 407ರ ಸೆಪ್ಟೆಂಬರಿನಲ್ಲಿ ಕೊಮಾನ ಎಂಬಲ್ಲಿ ದಾರಿಯಲ್ಲೇ ತೀರಿಕೊಂಡರು.

ಪಾಲಿಕಾರ್ಪರಿಗೂ ಕ್ರಿಸೊಸ್ಟಮರಿಗೂ ನಡುವೆ 250 ವರ್ಷ. ಒಬ್ಬರ ಎದುರಿಗಿದ್ದದ್ದು ಬೇರೆ ದೇವರುಗಳ ಅರಸ, ಇನ್ನೊಬ್ಬರ ಎದುರಿಗೆ ತನ್ನದೇ ಚರ್ಚಿಗೆ ಬರುವ ರಾಣಿ. ಎರಡನೆಯದೇ ಕಷ್ಟ ಅಂತ ನನಗನ್ನಿಸುತ್ತದೆ. ಬೆಂಚಿನಲ್ಲಿ ಜೊತೆಗೆ ಕೂತು ಪ್ರಾರ್ಥಿಸುವ ಅಧಿಕಾರಕ್ಕೆ ಬೇಡ ಅನ್ನುವುದು ಸುಲಭವಲ್ಲ.

ಮಧ್ಯಾಹ್ನ ಫಾತಿಹ್ ಮಸೀದಿಗೆ ಹೋದೆವು. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಈ ದಿಬ್ಬದ ಮೇಲೆ ಹಿಂದೆ ಪವಿತ್ರ ಅಪೊಸ್ತಲರ ಚರ್ಚು ಇತ್ತು. ಯೇಸುವಿನ ಶಿಷ್ಯರಾದ ಹನ್ನೆರಡು ಅಪೊಸ್ತಲರ ನೆನಪಿಗೆ ಹನ್ನೆರಡು ಗುರುತಿನ ಗೋರಿ ಮಾಡಿಸಿ, ನಡುವೆ ತನ್ನದನ್ನು ಇಡಿಸಿಕೊಂಡವನು ಕಾನ್‌ಸ್ಟಂಟೈನ್. ಆಮೇಲೆ ಚಕ್ರವರ್ತಿಗಳನ್ನೆಲ್ಲ ಇಲ್ಲೇ ಹೂಳುತ್ತಾ ಬಂದರು. 438ರ ಜನವರಿಯಲ್ಲಿ ಕ್ರಿಸೊಸ್ಟಮರ ಅಸ್ಥಿಗಳನ್ನು ಕೊಮಾನದಿಂದ ತಂದು ಅವರ ಮಧ್ಯೆಯೇ ಇಟ್ಟರು. ತರಿಸಿದವನು ಯೂಡೋಕ್ಸಿಯಾಳ ಮಗ, ಎಫೆಸದ ಸಭೆ ಕರೆದ ಅದೇ ಎರಡನೇ ಥಿಯೊಡೋಸಿಯಸ್. ಪೆಟ್ಟಿಗೆಗೆ ಹಣೆ ಹಚ್ಚಿ, ನನ್ನ ಅಪ್ಪ ಅಮ್ಮ ತಿಳಿಯದೆ ಮಾಡಿದ ಅನ್ಯಾಯ ಕ್ಷಮಿಸಿ ಅಂತ ಬೇಡಿಕೊಂಡ ಅಂತ ಆ ಕಾಲದ ಥಿಯೊಡೊರೆಟ್ ಬರೆಯುತ್ತಾನೆ. ಕಾನ್‌ಸ್ಟಂಟೈನ್‌ನ ಗೋರಿ ಎಲ್ಲಿತ್ತು ಅಂತ ಅಕ್ಕ ಕೇಳಿದಳು. ನಾನು ಅವಳಿಗೆ ಮೊದಲು ಈ ಮಗನ ಕಥೆಯನ್ನೇ ಹೇಳಿದೆ.